ಹಕ್ಕಿಗಳ ಗೆಳೆಯ ಡಾ. ಸಲೀಂ ಅಲಿ

ಬೇಸಿಗೆಯ ದಿನ ನಿಮ್ಮ ಹಿತ್ತಲಿನಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತು ನೋಡಿದ್ದೀರಾ? ನುಗ್ಗೆಯ ಹೂವಿಗೆ ಸೂರಕ್ಕಿ, ಬೇವಿನ ನೆರಳಿಗೆ ಗೊರವಂಕ, ಬಚ್ಚಲ ನೀರಿಗೆ ಪಿಕಳಾರ ಬರುತ್ತವೆ. ಇವುಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹೀಗೆ ಒಂದು ಹಕ್ಕಿಯ ಹೆಸರು ಕೇಳಲು ಹೋದ ಬಾಲಕನೇ ಮುಂದೆ ಜಗತ್ತು ಗೌರವಿಸಿದ ಪಕ್ಷಿತಜ್ಞನಾದ. ಅವರೇ ಡಾ. ಸಲೀಂ ಅಲಿ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಅವರು ಮನೆಯ ಮಕ್ಕಳಲ್ಲಿ ಕೊನೆಯವರು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಸಾಕಿದರು. ಒಮ್ಮೆ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯಲಿಲ್ಲ. ಅವರು ಗದರಿಸದೆ, ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಸಂಗ್ರಹದಲ್ಲಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಒಂದು ಪ್ರಶ್ನೆಗೆ ಇಬ್ಬರು ಹಿರಿಯರು ಕೊಟ್ಟ ಬೆಲೆ ಅವರ ಬದುಕನ್ನೇ ಬದಲಿಸಿತು.

ದಾರಿ ಸುಲಭವಾಗಿರಲಿಲ್ಲ. ಕಾಲೇಜು ಅರ್ಧಕ್ಕೆ ನಿಂತಿತು; ವಿಶ್ವವಿದ್ಯಾಲಯದ ಪದವಿ ಸಿಗಲಿಲ್ಲ. ಬರ್ಮಾದಲ್ಲಿ ಮಾಡಿದ ವ್ಯಾಪಾರ ಕೈಹಿಡಿಯಲಿಲ್ಲ. ಬರ್ಲಿನ್‌ನಲ್ಲಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದಾಗ, ಇದ್ದ ಕೆಲಸವೂ ಇರಲಿಲ್ಲ. ಆಗ ಕಡಲತೀರದ ಕಿಹಿಮ್ ಹಳ್ಳಿಯಲ್ಲಿದ್ದು, ಗೀಜಗದ ಗೂಡುಗಳನ್ನು ದಿನವಿಡೀ ಗಮನಿಸಿದರು. ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಸಂಸಾರ, ನಂತರ ಗಂಡು ಮತ್ತೊಂದು ಗೂಡಿಗೆ ತೊಡಗುತ್ತದೆ ಎಂಬುದನ್ನು ಕಂಡುಕೊಂಡರು. ನಮ್ಮ ಹೊಲದ ಬಾವಿಗಳ ಮೇಲೆ ತೂಗುವ ಗೂಡುಗಳೂ ಇವೇ ಅಲ್ಲವೇ?

1939ರಲ್ಲಿ ಪತ್ನಿ ತೆಹಮೀನಾ ತೀರಿಕೊಂಡರು. ಆ ದುಃಖದಲ್ಲೂ ಅವರು ಕೆಲಸ ಬಿಡಲಿಲ್ಲ. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. 1941ರಲ್ಲಿ ಭಾರತೀಯ ಪಕ್ಷಿಗಳ ಕುರಿತ ಅವರ ಪುಸ್ತಕ ಹೊರಬಂದಿತು. ಡಿಲನ್ ರಿಪ್ಲೆ ಜೊತೆಗೂಡಿ ಹತ್ತು ಸಂಪುಟಗಳ ಕೈಪಿಡಿ ರಚಿಸಿದರು. ಪದವಿಯಿಲ್ಲದ ಅವರಿಗೆ 1958ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1976ರಲ್ಲಿ ಪದ್ಮವಿಭೂಷಣ ಬಂದಿತು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ಅವರು ನಿಧನರಾದರು.

ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಸಾವಿರಾರು ಕೊಕ್ಕರೆಗಳ ಆ ತಾಣವನ್ನು ಒಮ್ಮೆ ನೋಡಿ ಬನ್ನಿ. ಅಲ್ಲಿಗೆ ಹೋಗಲಾಗದಿದ್ದರೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ನಿಮ್ಮ ಹಿತ್ತಲೇ ಸಾಕು. ಮಡಕೆಯ ಚೂರಿನಲ್ಲಿ ನೀರಿಡಿ, ಬಂದ ಹಕ್ಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಗೊತ್ತಿಲ್ಲದಿದ್ದರೆ ಕೇಳಿ. ಹಿರಿಯರೇ, ಮಗು ಕೇಳಿದಾಗ ಗದರಿಸಬೇಡಿ. ಉತ್ತರ ತಿಳಿಯದಿದ್ದರೆ, ತಿಳಿದವರ ಬಳಿಗೆ ಕಳುಹಿಸಿ.