ಹೆಜ್ಜೆ ಎಣಿಸಿದ ಮೇಷ್ಟ್ರು

ಹಿಮಾಲಯ ದಾಟಿದವರು ಬೇಕಾದಷ್ಟು ಜನ ಇದ್ದಾರೆ. ಹೆಜ್ಜೆ ಎಣಿಸುತ್ತಾ ದಾಟಿದ ನೈನ್ ಸಿಂಗ್ ರಾವತ್ ಅವರ ಬಗ್ಗೆ ನಾನು ಬರೆಯುತ್ತಿದ್ದೇನೆ.

ಇವರು 1830ರಲ್ಲಿ ಕುಮಾವೂನಿನ ಮಿಲಂ ಎಂಬ ಹಳ್ಳಿಯಲ್ಲಿ ಜನಿಸಿದರು. ಅಲ್ಲಿಯ ಶಾಲೆಯಲ್ಲೇ ಮೇಷ್ಟ್ರಾಗಿದ್ದರು. ಆಗ ಟಿಬೆಟ್ಟಿನೊಳಗೆ ಬ್ರಿಟಿಷರನ್ನು ಬಿಡುತ್ತಿರಲಿಲ್ಲ. ಅವರಿಗೋ ನಕ್ಷೆ ಬೇಕಿತ್ತು. ಸರ್ವೆ ಇಲಾಖೆಯವರು 1863ರಲ್ಲಿ ಇವರನ್ನು ಡೆಹರಾಡೂನಿಗೆ ಕರೆಸಿ, ಒಂದೇ ಅಳತೆಯಲ್ಲಿ ಹೆಜ್ಜೆ ಹಾಕುವುದನ್ನು ಕಲಿಸಿದರು. ಏರು ಇರಲಿ, ಇಳಿಜಾರು ಇರಲಿ, 2000 ಹೆಜ್ಜೆಗೆ ಒಂದು ಮೈಲಿ.

ಜಪಮಾಲೆಯಲ್ಲಿ 108 ಮಣಿ ಇರುತ್ತವಲ್ಲ, ಇವರದರಲ್ಲಿ 100 ಮಾತ್ರ! ನೂರು ಹೆಜ್ಜೆಗೆ ಒಂದು ಮಣಿ. ನಾನು ಲೆಕ್ಕ ಹಾಕಿ ನೋಡಿದೆ, ಮಾಲೆ ಒಂದು ಸುತ್ತು ಬಂದರೆ 5 ಮೈಲಿ. ಬರೆದ ಚೀಟಿಗಳನ್ನು ಪ್ರಾರ್ಥನಾ ಚಕ್ರದೊಳಗೆ ಬಚ್ಚಿಡುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ಚಕ್ರ ತಿರುಗಿಸುತ್ತಾ ಜಪ ಮಾಡುವವರಂತೆ ನಡೆದುಬಿಡುತ್ತಿದ್ದರು. ನೀರು ಎಷ್ಟು ಬಿಸಿಗೆ ಕುದಿಯುತ್ತದೆಂದು ನೋಡಿ ಜಾಗದ ಎತ್ತರ ಕಂಡುಹಿಡಿಯುತ್ತಿದ್ದರು.

1865ರಲ್ಲಿ ವ್ಯಾಪಾರಿಯ ವೇಷದಲ್ಲಿ ನೇಪಾಳದಿಂದ ಟಿಬೆಟ್ ಹೊಕ್ಕು, 1866ರ ಜನವರಿಯಲ್ಲಿ ಲ್ಹಾಸಾ ಮುಟ್ಟಿದರು. ಕೈಯಲ್ಲಿದ್ದ ಕಾಸು ಮುಗಿಯಿತು. ಆಗ ಏನು ಮಾಡಿದರು ಗೊತ್ತೇ? ಅಲ್ಲಿದ್ದ ನೇಪಾಳಿ ವ್ಯಾಪಾರಿಗಳಿಗೆ ಲೆಕ್ಕ ಹೇಳಿಕೊಟ್ಟರು. (ಮೇಷ್ಟ್ರು ಎಲ್ಲಿ ಹೋದರೂ ಮೇಷ್ಟ್ರೇ!) ಅಪ್ಪಣೆಯಿಲ್ಲದೆ ಬಂದ ಚೀನೀಯನೊಬ್ಬನ ತಲೆ ಕಡಿದದ್ದನ್ನು ಅಲ್ಲಿ ಕಣ್ಣಾರೆ ಕಂಡರು. ಇವರೂ ಅಪ್ಪಣೆಯಿಲ್ಲದೆ ಬಂದವರೇ. ಹೆದರಿ ಬಿಡಾರ ಬದಲಿಸಿದರು, ಆದರೆ ಅಳತೆ ಬಿಡಲಿಲ್ಲ. ಅದೇ ವರ್ಷ ಭಾರತಕ್ಕೆ ಮರಳುವ ಹೊತ್ತಿಗೆ ಸುಮಾರು 1200 ಮೈಲಿ ಅಳೆದಿದ್ದರು.

1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಇವರಿಗೆ ಚಿನ್ನದ ಪದಕ ಕೊಟ್ಟಿತು. ಅದಕ್ಕೂ ಮುಂಚೆ, 1874ರಲ್ಲಿ, ಲೇಹ್‌ನಿಂದ ಹೊರಟು ಲ್ಹಾಸಾ ಮೇಲೆ ಹಾದು ಅಸ್ಸಾಮಿನವರೆಗೆ ಇನ್ನೊಮ್ಮೆ ನಡೆದಿದ್ದರು, ಹೆಜ್ಜೆ ಎಣಿಸುತ್ತಲೇ.