ಕರ್ನಲ್ ಮೆಡೋಸ್ ಟೇಲರ ಸಾಹೇಬರು

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯು ಹುಮನಾಬಾದವನ್ನು ಹಾಯ್ದು, ಬಸವಕಲ್ಯಾಣವನ್ನು ಬಲಕ್ಕೆ ಬಿಟ್ಟು, ನಳದುರ್ಗದತ್ತ ಸಾಗುತ್ತದೆ. ಒಂದು ಮದುವೆಯ ನಿಮಿತ್ತದಿಂದ ರಾಜ್ಯವೇ ಅಲ್ಲೋಲಕಲ್ಲೋಲವಾದ ಕಥೆಯನ್ನು ಕಲ್ಯಾಣದ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹರಳಯ್ಯ-ಮಧುವರಸರ ನೆಂಟಸ್ತನವೇ ಅದಕ್ಕೆ ಸಾಕ್ಷಿ. ದೇಶದ ಕ್ಷೋಭೆಯನ್ನು ಹೀಗೆ ಮನೆಗಳ ಮೂಲಕ ಕಂಡ ಪರದೇಶೀಯ ಗ್ರಂಥಕರ್ತರೊಬ್ಬರು ಈ ನೆರೆಹೊರೆಯಲ್ಲಿಯೇ ಅಧಿಕಾರ ನಡೆಸಿದರೆಂಬುದನ್ನು ಮಾತ್ರ ವಾಚಕರಿಗೆ ನೆನಪಿಸಬಯಸುತ್ತೇವೆ.

ಟೇಲರ ಸಾಹೇಬರು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದರು. 1824ರಲ್ಲಿ, ಹದಿನೈದರ ಪ್ರಾಯದಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬನ ಚಾಕರಿಗೆಂದು ಬಂದವರು ಅದೇ ವರ್ಷ ನಿಜಾಮನ ಸೈನ್ಯವನ್ನು ಸೇರಿದರು. ಅವರ ಪತ್ನಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಮುಸಲ್ಮಾನ ಬೇಗಮು. ಹೀಗೆ ಪೂರ್ವ-ಪಶ್ಚಿಮಗಳೆರಡೂ ಅವರ ಮನೆಯಲ್ಲಿಯೇ ಕೂಡಿದ್ದವು.

1841ರಿಂದ 1853ರ ವರೆಗೆ ಅವರು ಸುರಪುರದ ಆಡಳಿತವನ್ನು ನೋಡಿಕೊಂಡರು. ಬಾಲರಾಜ ವೆಂಕಟಪ್ಪನಾಯಕನು ಅವರನ್ನು ಅಪ್ಪನೆಂದು ಕರೆಯುತ್ತಿದ್ದನು. ಆ ಬಳಿಕ ನಳದುರ್ಗದ ಜಿಲ್ಲೆಯು ಅವರ ಕೈಗೆ ಬಂದಿತು. 1858ರಲ್ಲಿ ಅದೇ ವೆಂಕಟಪ್ಪನಾಯಕನು ಇಂಗ್ಲೀಷರ ಮೇಲೆ ಕತ್ತಿ ಹಿರಿದನು. ಸೋತು ಸೆರೆಸಿಕ್ಕಿದ ಅವನ ಮರಣದಂಡನೆಯು ಕೊನೆಗೆ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಆದರೆ ಚೆಂಗಲಪಟ್ಟಕ್ಕೆ ಒಯ್ಯುವ ದಾರಿಯಲ್ಲಿ ಅವನು ಗುಂಡೇಟಿನಿಂದ ಪ್ರಾಣ ಬಿಟ್ಟನು. ಮಗನಂತೆ ಬೆಳೆಸಿದವನ ಸಂಸ್ಥಾನಕ್ಕೆ ಸಾಹೇಬರೇ ಸರಕಾರದ ಅಧಿಕಾರಿಯಾಗಿ ಮರಳಬೇಕಾಯಿತು.

1860ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಅವರು ಬರೆದ ಮೂರು ಕಾದಂಬರಿಗಳು ನೂರು ನೂರು ವರ್ಷಗಳ ಅಂತರದ ಕ್ಷೋಭೆಗಳನ್ನು ಕುರಿತವು: 'ತಾರಾ' 1657ರ ಮರಾಠಾ-ವಿಜಾಪುರ ಕಲಹದ್ದು, 'ರಾಲ್ಫ್ ಡಾರ್ನೆಲ್' 1757ರ ಪ್ಲಾಸಿಯ ಕಾಲದ್ದು, 'ಸೀತಾ' 1857ರದು. ತುಳಜಾಪುರದ ಬ್ರಾಹ್ಮಣ ಕನ್ಯೆ ತಾರೆಯು ಅಫಜಲಖಾನನ ಮಗನ ಕೈಹಿಡಿಯುತ್ತಾಳೆ. ಹಿಂದೂ ವಿಧವೆ ಸೀತೆಯು ಇಂಗ್ಲೀಷ ಅಧಿಕಾರಿಯನ್ನು ಮದುವೆಯಾಗಿ, ಅವನನ್ನುಳಿಸಲು ತನ್ನ ಪ್ರಾಣವನ್ನೇ ಕೊಡುತ್ತಾಳೆ. ಸಾಹೇಬರು 1876ರಲ್ಲಿ ಫ್ರಾನ್ಸಿನ ಮೆಂಟನ್ನಿನಲ್ಲಿ ತೀರಿಕೊಂಡರು.

ಅವರ ಹೃದಯವು ದೊಡ್ಡದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಲೇಖನಿಯು ಕೂಡಿಸಿದ ಮನೆಗಳನ್ನು ಪರರಾಜ್ಯದ ಶಾಸನವು ಕೂಡಿಸಲೊಲ್ಲದು. ಪ್ರಜೆಯು ಪ್ರಾಣ ಕೊಟ್ಟು ಅಧಿಕಾರಿಯನ್ನುಳಿಸುವುದು ಕಥೆಯಲ್ಲಿ ನಡೆಯಿತು. ಅಧಿಕಾರಿಯ ವಾತ್ಸಲ್ಯವು ಸುರಪುರದ ತರುಣನನ್ನು ಉಳಿಸಲಿಲ್ಲ. ದಯೆಯು ಸ್ವಾತಂತ್ರ್ಯದ ಸ್ಥಾನವನ್ನು ತುಂಬಲಾರದು. ಟೇಲರರ ಗ್ರಂಥಗಳನ್ನು ನಮ್ಮ ತರುಣರು ಅವಶ್ಯವಾಗಿ ಓದಲಿ. ಓದಿದ ಮೇಲೆ ಅದೇ ಕಥೆಯನ್ನು ವೆಂಕಟಪ್ಪನಾಯಕನ ಅರಮನೆಯೊಳಗಿನಿಂದ ಕನ್ನಡದಲ್ಲಿ ಹೇಳುವ ಹೊಣೆಯು ತಮ್ಮದೆಂದು ಅರಿಯಲಿ.