ಮುದ್ದೇನಹಳ್ಳಿಯ ದಿವಾನರು

ನಂದಿಬೆಟ್ಟದ ಸುತ್ತಣ ಸೀಮೆಯಲ್ಲಿ ವರುಷವಿಡೀ ಹರಿಯುವ ಹೊಳೆಯಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ರೈತರು ಮಳೆಯನ್ನೂ ಕೆರೆಯನ್ನೂ ನಂಬಿ ಬಾಳಿದವರು. ಕೆರೆಯ ಏರಿ ಬಿರಿದರೆ ಊರೇ ಕೂಡಿ ಕಟ್ಟಬೇಕು; ತೂಬಿನ ನೀರನ್ನು ಊರೇ ಹಂಚಿಕೊಳ್ಳಬೇಕು. ಇಂತಹ ನೆಲದಲ್ಲಿ, ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿಯಲ್ಲಿ, 1861ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜನಿಸಿದರು. ಅಣೆಕಟ್ಟುಗಳ ನಿರ್ಮಾಪಕರೆಂದು ಅವರನ್ನು ಅರಿಯದವರಿಲ್ಲ. ಆದರೆ ಊರಿನ ಆಡಳಿತವನ್ನು ಊರವರಿಗೆ ಒಪ್ಪಿಸಲು ಅವರು ನಡೆಸಿದ ಯತ್ನವನ್ನು ನೆನೆಯುವವರು ವಿರಳ.

ತಂದೆ ಶ್ರೀನಿವಾಸಶಾಸ್ತ್ರಿಗಳು ಎಳೆವೆಯಲ್ಲಿಯೇ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠಗಳಾದ ಮೇಲೆ ಬಾಲಕನು ಬೆಂಗಳೂರಿಗೆ ಬಂದು, ಸಿರಿವಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಓದು ಸಾಗಿಸಿದನು. ಸೆಂಟ್ರಲ್ ಕಾಲೇಜಿನ ಪದವಿ 1881ರಲ್ಲಿ ಕೈಸೇರಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪುಣೆಯ ಬಾಗಿಲನ್ನು ತೆರೆಯಿತು. ಮುಂದೆ ಮುಂಬಯಿ ಪ್ರಾಂತದಲ್ಲಿ ಎಂಜಿನಿಯರಾಗಿದ್ದಾಗ, ಕಾಲುವೆಯ ನೀರು ಕೆಲವೇ ಹಳ್ಳಿಗಳ ಪಾಲಾಗದೆ ಹಲವು ಹಳ್ಳಿಗಳಿಗೆ ಸಲ್ಲುವಂತೆ ಸರದಿಯ ಕ್ರಮವೊಂದನ್ನು ಅವರು ರೂಪಿಸಿದರು.

1912ರಲ್ಲಿ ಅವರು ಮೈಸೂರಿನ ದಿವಾನರಾದರು. ಮರುವರ್ಷವೇ ನ್ಯಾಯವಿಧಾಯಕ ಸಭೆಯ ಸದಸ್ಯರ ಸಂಖ್ಯೆ 18ರಿಂದ 24ಕ್ಕೆ ಏರಿತು. ಆಯವ್ಯಯವನ್ನು ಕುರಿತು ಚರ್ಚಿಸುವ ಅವಕಾಶ ದೊರೆಯಿತು. 1914ರಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಮೊದಲಾಯಿತು. ಬಾವಿ, ರಸ್ತೆ, ಶಾಲೆಗಳಿಗಾಗಿ ಅಮಲ್ದಾರರ ದಯೆಯನ್ನು ಕಾಯುವ ಬದಲು, ಊರವರು ಸಮಿತಿ ಕಟ್ಟಿಕೊಂಡು ತಮ್ಮ ದುಡಿಮೆಯನ್ನೂ ವಂತಿಗೆಯನ್ನೂ ಕೂಡಿಸಬೇಕು, ಸರ್ಕಾರ ನೆರವಾಗಬೇಕು ಎಂಬುದೇ ಇದರ ತತ್ವ. 1918ರ ಸ್ಥಳೀಯ ಬೋರ್ಡುಗಳ ಮತ್ತು ಗ್ರಾಮಪಂಚಾಯತಿಗಳ ಶಾಸನ ಈ ಯತ್ನಕ್ಕೆ ಕಾನೂನಿನ ಬಲ ನೀಡಿತು.

ಅದೇ ವರ್ಷ ಬೇರೊಂದು ನ್ಯಾಯದ ಪ್ರಶ್ನೆ ಎದುರಾಯಿತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಬಹುಪಾಲು ತುಂಬಿದ್ದರು. ಮಿಕ್ಕ ಜನರ ಮೊರೆಯನ್ನು ಕೇಳಿದ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರರ ಸಮಿತಿಯನ್ನು ನೇಮಿಸಿದರು. ವಿದ್ಯೆ ಹರಡಿದರೆ ಸಮಾನತೆ ತಾನಾಗಿ ಬರುವುದು, ಯೋಗ್ಯತೆಯೊಂದೇ ಅಳತೆಯಾಗಿರಬೇಕು ಎಂಬುದು ದಿವಾನರ ನಿಲುವು. ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಿಸಿದವರೂ ಅವರೇ. ಆದರೂ ಹುದ್ದೆಗಳ ಹಂಚಿಕೆಗೆ ಅವರ ಮನಸ್ಸು ಒಪ್ಪಲಿಲ್ಲ. ವರ್ಷಾಂತ್ಯಕ್ಕೆ ಅಧಿಕಾರವನ್ನು ಬಿಟ್ಟು ನಡೆದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಿಮೆಯಿಲ್ಲದಂತೆ ಇತರ ಜನಾಂಗಗಳಿಗೆ ಸಲ್ಲಬೇಕೆಂದು ಸಮಿತಿ 1919ರಲ್ಲಿ ಸಲಹೆಯಿತ್ತಿತು. 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು.

ನೀರಿನ ಹಂಚಿಕೆಯಲ್ಲಿ ಕಾಲುವೆಯ ಕಡೆಯ ಹೊಲವನ್ನು ಮರೆಯದಿದ್ದ ಕಣ್ಣು, ಅಧಿಕಾರದ ಹಂಚಿಕೆಯಲ್ಲಿ ಅದನ್ನು ಕಾಣದೆ ಹೋಯಿತೆ? ಈ ಪ್ರಶ್ನೆಯನ್ನು ಕೇಳುವುದರಿಂದ ಅವರ ಹಿರಿಮೆ ಕುಂದದು. ಇಲ್ಲಿಯೂ ಅವರು ಸ್ವಾರ್ಥಕ್ಕಾಗಿ ನಿಂತವರಲ್ಲ. ನಂಬಿಕೆಗಾಗಿ ಪದವಿಯನ್ನೇ ತೊರೆದವರು. ಆದರೆ ಪ್ರಜೆಗಳಿಗೆ ಒಳಿತು ಮಾಡುವ ಆಡಳಿತ ಬೇರೆ, ಪ್ರಜೆಗಳೇ ನಡೆಸುವ ಆಡಳಿತ ಬೇರೆ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ ಜನರು ಗುಂಡಿಗೆ ಬಲಿಯಾದದ್ದು ಈ ಎರಡನೆಯದಕ್ಕಾಗಿ. ಅದು ಮೈಸೂರಿಗೆ ದೊರೆತದ್ದು 1947ರಲ್ಲಿ.

ನೂರು ವರ್ಷ ತುಂಬಿದ ಬಾಳು 1962ರಲ್ಲಿ ಮುಗಿಯಿತು. ಮುದ್ದೇನಹಳ್ಳಿಯಲ್ಲಿಯೇ ಅವರ ಸಮಾಧಿಯಿದೆ. ಅಲ್ಲಿಗೆ ಹೋದವರು ಕೈಮುಗಿದು, ತಮ್ಮ ಊರಿನ ಪಂಚಾಯತಿಯ ಸಭೆಯಲ್ಲಿ ಕಡೆಯ ಸಾಲಿನವನ ಮಾತು ಕೇಳಿಬರುತ್ತಿದೆಯೇ ಎಂದು ಒಮ್ಮೆ ಯೋಚಿಸಿದರೆ, ಅವರು ತೊಡಗಿದ ಕೆಲಸವೂ ಅವರು ಉಳಿಸಿಹೋದ ಕೆಲಸವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.